ಹಾನ್ಲೆಯ ಹುಲ್ಲಿನ ಕೆಳಗೆ

ಲಡಾಖಿನ ಹಾನ್ಲೆ ಎಂಬ ಪುಟ್ಟ ಹಳ್ಳಿಯ ಹೆಸರು ಈಗ ನಮ್ಮ ಮಕ್ಕಳಿಗೂ ಪರಿಚಿತ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು 4500 ಮೀಟರ್ ಎತ್ತರದ ಗುಡ್ಡದ ಮೇಲೆ 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿದ್ದಾರೆ. 2000ನೇ ಇಸವಿಯಲ್ಲಿ ಕಣ್ಣು ತೆರೆದ ಈ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಿದ ಮೇಲೆ ನಕ್ಷತ್ರ ನೋಡಲೆಂದೇ ಜನ ಹೋಗುತ್ತಾರೆ. ಹೋದವರೆಲ್ಲ ತಲೆ ಎತ್ತಿ ನೋಡುತ್ತಾರೆ. ತಲೆ ತಗ್ಗಿಸಿ ತಮ್ಮ ಕಾಲ ಕೆಳಗೆ ಏನಿದೆ ಎಂದು ನೋಡುವವರು ಕಡಿಮೆ.

ಕಾಲ ಕೆಳಗಿರುವುದು ಸಾಮಾನ್ಯ ನೆಲವಲ್ಲ. ವೀಕ್ಷಣಾಲಯದ ಗುಡ್ಡದ ಕೆಳಗೆ ಹಾನ್ಲೆ ನದಿ ಅಂಕುಡೊಂಕಾಗಿ ಹರಿದು ಮುಂದೆ ಸಿಂಧೂ ನದಿಯನ್ನು ಸೇರುತ್ತದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಮತ್ತು ಹಿಮ ಎರಡನ್ನೂ ಕೂಡಿಸಿದರೂ 100 ಮಿ.ಮೀ. ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಒಂದೇ ದಿನದ ಜಡಿಮಳೆ ಕೆಲವೊಮ್ಮೆ ಇಷ್ಟು ಸುರಿಸುವುದುಂಟು. ಹೀಗಾಗಿ ಸುತ್ತಲ ಬೆಟ್ಟಗಳೆಲ್ಲ ಬೋಳು ಬೋಳು. ಆದರೆ ನದಿಯ ಇಕ್ಕೆಲಗಳಲ್ಲಿ ಹಸಿರು ಹಾಸು. ಚಾಂಗ್ಪಾ ಜನರ ಪಶ್ಮಿನಾ ಮೇಕೆಗಳು, ಕಿಯಾಂಗ್ ಎಂಬ ಕಾಡುಕತ್ತೆ, ಕಪ್ಪು ಕೊರಳಿನ ಕೊಕ್ಕರೆ ಎಲ್ಲಕ್ಕೂ ಈ ಹಸಿರೇ ಆಧಾರ. ಮಳೆಯಿಲ್ಲದ ನಾಡಿನಲ್ಲಿ ಇಷ್ಟೊಂದು ಹುಲ್ಲು ಹೇಗೆ ಬಂತು? ಉತ್ತರ ಮಣ್ಣಿನಲ್ಲಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಹಾನ್ಲೆಗೆ ಹೋಗಿಬಂದು, ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದ. ಆಕಾಶಗಂಗೆಯ ಚಿತ್ರ ಸೊಗಸಾಗಿತ್ತು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಎರಡು ಚಿತ್ರಗಳ ಮೇಲೆ. ಮೊದಲನೆಯದರಲ್ಲಿ ನದಿ ತನ್ನ ದಡವನ್ನು ಚಾಕುವಿನಿಂದ ಕತ್ತರಿಸಿದಂತೆ ಕೊರೆದಿತ್ತು. ಮೇಲೆ ಒಂದು ಗೇಣಿನಷ್ಟು ಕಪ್ಪುಕಂದು ಬಣ್ಣದ, ಬೇರು ತುಂಬಿದ ಪದರ. ಅದರ ಕೆಳಗೆ ಬೂದು ಬಣ್ಣದ ನವಿರಾದ ಹೂಳು, ನಡುವೆ ತೆಳುವಾದ ಇನ್ನೊಂದು ಕಪ್ಪು ಗೆರೆ, ಮತ್ತೆ ಮರಳು, ಎಲ್ಲಕ್ಕಿಂತ ಕೆಳಗೆ ಉರುಟು ಕಲ್ಲುಗಳು. "ಸರ್, ಇದರಲ್ಲೇನಿದೆ?" ಎಂದ. ಇದೊಂದು ದಿನಚರಿ ಪುಸ್ತಕ, ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದೆ.

ನೀರು ರಭಸವಾಗಿ ಹರಿದಾಗ ಕಲ್ಲು, ಮರಳನ್ನೂ ಹೊತ್ತು ತರುತ್ತದೆ. ವೇಗ ತಗ್ಗಿದಂತೆ ಭಾರದ್ದನ್ನು ಮೊದಲು ಇಳಿಸುತ್ತದೆ. ಹಿಮ ಕರಗುವ ಕಾಲದಲ್ಲಿ ನದಿ ದಡ ಮೀರಿ ಬಯಲಿನಲ್ಲಿ ಹರಡಿಕೊಂಡಾಗ ವೇಗ ಬಹಳ ಕಡಿಮೆಯಾಗುತ್ತದೆ. ಆಗ ಹೂಳು, ಜೇಡಿಯ ಕಣಗಳು ತಳಕ್ಕಿಳಿಯುತ್ತವೆ. ಒಂದೊಂದು ನೆರೆಯೂ ಒಂದೊಂದು ಪುಟ. ನಡುವಿನ ಕಪ್ಪು ಗೆರೆ ಒಂದು ಕಾಲದಲ್ಲಿ ಹುಲ್ಲು ಬೆಳೆದಿದ್ದ ಮೇಲ್ಮೈ. ದೊಡ್ಡ ನೆರೆಯೊಂದು ಅದನ್ನು ಹೂಳಿನಲ್ಲಿ ಮುಚ್ಚಿತು, ಹುಲ್ಲು ಹೊಸ ನೆಲದ ಮೇಲೆ ಮತ್ತೆ ಮೊದಲಿನಿಂದ ಸಂಸಾರ ಹೂಡಿತು. ನೆರೆ ಬಯಲಿನ ಮಣ್ಣಿಗೆ ವಯಸ್ಸಾಗಲು ನದಿ ಬಿಡುವುದಿಲ್ಲ.

ಇನ್ನು ಮೇಲಿನ ಕಪ್ಪು ಪದರ. ಇಡ್ಲಿ ಹಿಟ್ಟಿನ ಸಂಗತಿ ಎಲ್ಲ ತಾಯಂದಿರಿಗೂ ಗೊತ್ತು. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಉಕ್ಕಿ ಬರುತ್ತದೆ, ಚಳಿಗಾಲದಲ್ಲಿ ಬೆಳಗಾದರೂ ಹುದುಗಿರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳೂ ಹಾಗೆಯೇ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ಲೆಕ್ಕ. ಹಾನ್ಲೆಯ ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುತ್ತದೆ. ವರ್ಷದ ಬಹುಪಾಲು ಸೂಕ್ಷ್ಮಜೀವಿಗಳಿಗೆ ರಜೆ. ಬೇಸಿಗೆಯಲ್ಲಿ ಎಚ್ಚರಗೊಂಡರೂ ಮಣ್ಣು ನೀರಿನಿಂದ ತೊಯ್ದಿರುವುದರಿಂದ ಅವುಗಳಿಗೆ ಬೇಕಾದಷ್ಟು ಗಾಳಿಯಿಲ್ಲ. ಅತ್ತ ಜೇಕಿನ ಜಾತಿಗೆ ಸೇರಿದ ಅಲ್ಲಿನ ಹುಲ್ಲುಗಳಾದರೋ ಚಳಿಗಾಳಿಗೆ ಅಂಜಿ ತಮ್ಮ ಗಳಿಕೆಯ ಹೆಚ್ಚಿನ ಭಾಗವನ್ನು ನೆಲದೊಳಗೆ ಇಡುತ್ತವೆ. ಮೇಲೆ ಕಾಣುವ ಎಲೆಗಿಂತ ಕೆಳಗಿನ ಬೇರು ಹಲವು ಪಟ್ಟು ಹೆಚ್ಚು. ಬೇರು ಸಾಯುತ್ತದೆ, ಕೊಳೆಯುವುದು ನಿಧಾನ, ಅಷ್ಟರಲ್ಲಿ ಹೊಸ ಬೇರು ಬರುತ್ತದೆ. ಜಮೆ ಹೆಚ್ಚು, ಖರ್ಚು ಕಡಿಮೆ. ಹೀಗೆ ಶತಮಾನಗಳ ಕಾಲ ಕೂಡಿಟ್ಟ ಇಂಗಾಲದ ಉಳಿತಾಯ ಖಾತೆಯೇ ಆ ಕಪ್ಪು ಪದರ. ಅದು ಸ್ಪಂಜಿನಂತೆ ನೀರನ್ನೂ ಹಿಡಿದಿಡುತ್ತದೆ.

ಕಪ್ಪು ಎಂದೊಡನೆ ನಮ್ಮ ಉತ್ತರ ಕರ್ನಾಟಕದ ಎರೆ ಭೂಮಿ ನೆನಪಾಗಬಹುದು. ಎರಡೂ ಒಂದೇ ಅಲ್ಲ. ಎರೆಮಣ್ಣಿನ ವಿಶೇಷ ಅದರ ಹಿಗ್ಗುವ, ಕುಗ್ಗುವ ಜೇಡಿಯಲ್ಲಿದೆ. ಬಣ್ಣ ಕಪ್ಪಾದರೂ ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ 1ಕ್ಕೂ ಕಡಿಮೆ. ಬಿಸಿಲ ನಾಡಿನಲ್ಲಿ ಜಮೆಯಾದದ್ದು ಬೇಗ ಖರ್ಚಾಗುತ್ತದೆ. ಆದರೆ ಬೇರೆ ಎರಡು ವಿಷಯಗಳಲ್ಲಿ ನಮ್ಮ ರೈತರಿಗೆ ಎತ್ತರದ ಬಯಲಿನ ಮಣ್ಣು ಅಪರಿಚಿತವಲ್ಲ. ಗದ್ದೆಯಿಂದ ಭತ್ತದ ಬುಡ ಕಿತ್ತು ನೋಡಿದರೆ ಬೂದು ಕೆಸರಿನ ನಡುವೆ ಬೇರಿನ ಗುಂಟ ತುಕ್ಕಿನ ಬಣ್ಣದ ಎಳೆಗಳಿರುತ್ತವೆ. ಗಾಳಿಯಿಲ್ಲದೆಡೆ ಕಬ್ಬಿಣದ ಅಂಶ ಬಣ್ಣಗೆಡುತ್ತದೆ, ಬೇರು ಗಾಳಿ ತಂದೆಡೆ ತುಕ್ಕಾಗುತ್ತದೆ. ತೊಯ್ದ ಹುಲ್ಲುಬಯಲಿನ ಮಣ್ಣಿಗೂ ಇದೇ ಗುರುತು. ಹಾಗೆಯೇ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳು ಎನ್ನುತ್ತಾರಲ್ಲ, ಅಂಥದೇ ಬಿಳಿಯ ಉಪ್ಪು ಒಣಹವೆಯ ಈ ಎತ್ತರದ ಬಯಲುಗಳ ಅಂಚಿನಲ್ಲೂ ಕಾಣುತ್ತದೆ. ಕೆಳಗಿನ ನೀರು ಮಣ್ಣಿನ ಸಂದುಗಳಲ್ಲಿ ಮೇಲೇರಿ ಆವಿಯಾಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ.

ರಷ್ಯಾದ ದೊಕುಚಾಯೆವ್ 1883ರಲ್ಲಿ ಹುಲ್ಲುಗಾವಲಿನ ಕರಿಮಣ್ಣನ್ನು ಕುರಿತು ಬರೆದು, ಮಣ್ಣೆಂದರೆ ಬರೀ ಪುಡಿಯಾದ ಕಲ್ಲಲ್ಲ ಎಂದು ತೋರಿಸಿಕೊಟ್ಟರು. 1941ರಲ್ಲಿ ಹಾನ್ಸ್ ಯೆನ್ನಿ ಮಣ್ಣಿನ ಹುಟ್ಟಿಗೆ ಐದು ಕಾರಣಗಳನ್ನು ಸೂತ್ರದಂತೆ ಜೋಡಿಸಿದರು: ಹವಾಗುಣ, ಜೀವಿಗಳು, ನೆಲದ ಏರುತಗ್ಗು, ಮೂಲ ಶಿಲೆ, ಕಾಲ. ಆ ಒಂದು ಚಿತ್ರದಲ್ಲಿ ಐದೂ ಇದ್ದವು.

ಎರಡನೆಯ ಚಿತ್ರಕ್ಕೆ ಬರೋಣ. ಹಸಿರಿನ ನಡುವೆ ಹೊಳೆಯ ಕಡೆಗೆ ಎರಡು ಸಮಾನಾಂತರ ಗೆರೆಗಳು. ಜೀಪಿನ ಚಕ್ರದ ಜಾಡು. "ನಾವು ಮಾಡಿದ್ದಲ್ಲ ಸರ್, ಮೊದಲೇ ಇತ್ತು. ನಾವು ಅದರ ಮೇಲೆಯೇ ಹೋದೆವು, ಅಷ್ಟೆ" ಎಂದ. ಅವನು ಹೇಳಿದ್ದು ನಿಜವಿರಬಹುದು. ಪ್ರತಿಯೊಬ್ಬರೂ ಹಾಗೆ ಹೇಳಬಹುದು ಎಂಬುದೇ ಕಷ್ಟ. ಚಕ್ರ ಮಣ್ಣಿನ ಸಂದುಗಳನ್ನು ಅದುಮಿ ಮುಚ್ಚುತ್ತದೆ, ಬೇರಿನ ಹಾಸನ್ನು ಹರಿಯುತ್ತದೆ. ಬಯಲಿನಲ್ಲಿ ನಿಧಾನವಾಗಿ ಹರಡುತ್ತಿದ್ದ ನೀರಿಗೆ ಜಾಡು ಕಾಲುವೆಯಾಗುತ್ತದೆ. ಕಾಲುವೆ ಕೊರೆದು ಆಳವಾದಂತೆ ಅಕ್ಕಪಕ್ಕದ ನೆಲದ ನೀರೂ ಅದಕ್ಕೆ ಬಸಿಯುತ್ತದೆ. ಮಣ್ಣು ಒಣಗುತ್ತದೆ, ಗಾಳಿ ಒಳಹೊಗುತ್ತದೆ, ರಜೆಯಲ್ಲಿದ್ದ ಸೂಕ್ಷ್ಮಜೀವಿಗಳು ಕೆಲಸಕ್ಕೆ ಹಾಜರಾಗಿ ಉಳಿತಾಯವನ್ನು ಖರ್ಚು ಮಾಡಿ ಇಂಗಾಲದ ಡೈ ಆಕ್ಸೈಡಾಗಿ ಹೊರಬಿಡುತ್ತವೆ. ನೀರು ಹಿಡಿದಿಡುತ್ತಿದ್ದ ಸ್ಪಂಜೂ ಹೋಯಿತು, ಮೇಕೆಯ ಮೇವೂ ಹೋಯಿತು.

ಮತ್ತೆ ಚಿಗುರುವುದಿಲ್ಲವೇ ಎಂದು ಕೇಳಬಹುದು. ಇದಕ್ಕೆ ದೂರದ ಕ್ಯಾಲಿಫೋರ್ನಿಯಾದ ಒಂದು ಬಯಲು ಉತ್ತರ ಹೇಳುತ್ತದೆ. ಅಲ್ಲಿನ ಸಿಯೆರಾ ನೆವಾಡಾ ಪರ್ವತಗಳಲ್ಲಿ ಸುಮಾರು 2600 ಮೀಟರ್ ಎತ್ತರದಲ್ಲಿ ಟುಆಲಮಿ ಎಂಬ ನದಿಬಯಲಿನ ಹುಲ್ಲುಗಾವಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೇಸಿಗೆ ಬಂದರೆ ಕುರಿ ಮಂದೆಗಳು ಅಲ್ಲಿಗೆ ನುಗ್ಗುತ್ತಿದ್ದವು. 1869ರಲ್ಲಿ ಸುಮಾರು ಎರಡು ಸಾವಿರ ಕುರಿಗಳ ಮಂದೆಯೊಡನೆ ಆ ಎತ್ತರಕ್ಕೆ ಹೋದ ಜಾನ್ ಮ್ಯೂರ್, ಮುಂದೆ ಆ ಬಯಲಿನ ರಕ್ಷಣೆಗೇ ನಿಂತರು. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಒಂದು ಶತಮಾನದ ನಂತರ ಪರೀಕ್ಷಿಸಿದ ವಿಜ್ಞಾನಿಗಳಿಗೆ ಅಲ್ಲಿ ಹುಲ್ಲು ವಿರಳವಾದ ಬರಿನೆಲ ಕಂಡಿತು. ಅಂದಿನ ಕುರಿಗಳ ತುಳಿತವನ್ನು ಅದಕ್ಕೊಂದು ಕಾರಣವೆಂದು ಅವರು ಗುರುತಿಸಿದರು. ಮೇಯಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಚಾಂಗ್ಪಾ ಜನ ಮಂದೆಯನ್ನು ಒಂದೆಡೆ ನಿಲ್ಲಿಸದೆ ಜಾಗ ಬದಲಿಸುತ್ತ ಹುಲ್ಲಿಗೆ ಬಿಡುವು ಕೊಡುತ್ತ ಬಂದವರು. ಬಿಡುವು ಕೊಡದಿರುವುದೇ ತೊಂದರೆ.

ಈ ವಿಷಯ ಮಾತಾಡುವಾಗ ಪಾಲಕರೊಬ್ಬರು "ಮಣ್ಣಿನ ಪಾಠಕ್ಕೆ ಎಷ್ಟು ಅಂಕ ಸಾರ್?" ಎಂದು ಕೇಳಿದ್ದರು. ಅಂಕ ಕಡಿಮೆಯೇ ಇರಬಹುದು. ಆದರೆ ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿರುವ ಸಾವಯವ ಇಂಗಾಲ, ಗಾಳಿಯಲ್ಲಿ ಮತ್ತು ಎಲ್ಲ ಸಸ್ಯಗಳಲ್ಲಿ ಇರುವ ಇಂಗಾಲದ ಮೊತ್ತಕ್ಕಿಂತ ಹೆಚ್ಚು. ನಮ್ಮ ಮಕ್ಕಳ ಕಾಲದ ಹವೆ ಹೇಗಿರಬೇಕೆಂದು ತೀರ್ಮಾನಿಸುವುದರಲ್ಲಿ ಈ ಖಾತೆಯ ಪಾತ್ರ ದೊಡ್ಡದು.

ಇದನ್ನು ತಿಳಿಯಲು ಹಾನ್ಲೆಗೆ ಹೋಗಬೇಕಿಲ್ಲ. ಗಾಜಿನ ಬಾಟಲಿಗೆ ಒಂದು ಹಿಡಿ ಹಿತ್ತಲ ಮಣ್ಣು ಹಾಕಿ, ಮುಕ್ಕಾಲು ಭಾಗ ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡಿ. ಮರಳು ಒಂದು ನಿಮಿಷದಲ್ಲಿ ಇಳಿಯುತ್ತದೆ, ಹೂಳು ಕೆಲವು ಗಂಟೆಗಳಲ್ಲಿ. ಜೇಡಿಗೆ ಒಂದು ದಿನವೂ ಸಾಲದು. ನೆರೆ ಬಯಲು ಹೇಗೆ ಕಟ್ಟಿತೆಂಬುದು ಬಾಟಲಿಯಲ್ಲೇ ಕಾಣುತ್ತದೆ. ಮರುದಿನ ಎರಡೂ ಕಡೆ ಬಾಯಿ ತೆರೆದ ಒಂದು ಡಬ್ಬಿಯನ್ನು ಶಾಲೆಯ ಮೈದಾನದ ಹುಲ್ಲಿನ ಮೇಲೆ ಒಂದಂಗುಲ ಒತ್ತಿ ಕೂರಿಸಿ, ಒಂದು ಲೋಟ ನೀರು ಸುರಿದು, ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ. ಆಮೇಲೆ ಪಕ್ಕದಲ್ಲೇ ಸೈಕಲ್, ಸ್ಕೂಟರ್ ಓಡಾಡುವ ದಾರಿಯ ಮೇಲೆ ಅದನ್ನೇ ಮಾಡಿ. ಎರಡು ಸಂಖ್ಯೆಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವುಗಳ ನಡುವಿನ ಅಂತರ ಎಷ್ಟೆಂದು ಊಟದ ಹೊತ್ತಿಗೆ ಅಪ್ಪ ಅಮ್ಮನಿಗೂ ಹೇಳಿ.