ದುರ್ಗಕ್ಕೆ ಸುಗಮವಾದ ದಾರಿ

‘ದುರ್ಗ’ವೆಂಬ ಶಬ್ದದಲ್ಲಿಯೇ ಅದರ ಲಕ್ಷಣವು ಅಡಗಿರುವುದು. ಎಲ್ಲಿಗೆ ಹೋಗುವುದು ಕಷ್ಟವೋ ಅದು ದುರ್ಗ. ಮನುವು ಮರುಭೂಮಿ, ನೆಲ, ನೀರು, ಮರ, ಸೇನೆ, ಗಿರಿ ಎಂದು ಆರು ಬಗೆಯ ದುರ್ಗಗಳನ್ನು ಎಣಿಸಿ, ಅವುಗಳಲ್ಲಿ ಗಿರಿದುರ್ಗವೇ ಮೇಲೆಂದು ತೀರ್ಮಾನಿಸಿರುವನು. ಹೀಗೆ ಪರರಿಗೆ ಕಷ್ಟವಾಗಲೆಂದೇ ಕಟ್ಟಿದ ಸ್ಥಳಗಳಿಗೆ, ಅರುವತ್ತು ತುಂಬಿದ, ಬಲಮೊಣಕಾಲು ಸವೆದ ನಾವು ಬೈಸಿಕಲ್ಲಿನ ಮೇಲೆ ಕುಳಿತು ಕಾಡಿನ ನೆರಳಿನಲ್ಲಿ ಹೆಚ್ಚು ಆಯಾಸವಿಲ್ಲದೆ ಹೋಗಿಬಂದೆವೆಂದರೆ ವಾಚಕರಲ್ಲಿ ಕೆಲವರು ನಂಬಲಾರರು. ನಮ್ಮ ಮನೆಯವರೂ ಬೇರೊಂದು ಬೈಸಿಕಲ್ಲಿನ ಮೇಲೆ ಜೊತೆಯಲ್ಲಿ ಬಂದರೆಂದರೆ ನಮ್ಮ ಬಂಧುಗಳೇ ನಂಬಲಿಲ್ಲ.

ಆ ಕಾಡಿನ ಹೆಸರು ಷೋನ್‌ಬುಖ್. ಜರ್ಮನಿಯ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ನಗರಕ್ಕೆ ದಕ್ಷಿಣದಲ್ಲಿ ಅದು ಹರಡಿಕೊಂಡಿರುವುದು. ಅದರ ತೆಂಕಣ ಅಂಚಿಗೆ, ನೆಕ್ಕರ್ ನದಿಯ ಮೇಲೆ, ಟ್ಯೂಬಿಂಗನ್ ಎಂಬ ಹಳೆಯ ವಿದ್ಯಾನಗರವಿದೆ; ಅಲ್ಲಿಯ ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾದುದು. ನಮ್ಮ ಮಗಳು ಅಲ್ಲಿ ಉದ್ಯೋಗದಲ್ಲಿರುವುದರಿಂದ ಒಂದು ಬೇಸಗೆಯ ಎರಡು ತಿಂಗಳನ್ನು ನಾವು ಅಲ್ಲಿ ಕಳೆದೆವು. ಮೊದಲ ವಾರವೆಲ್ಲ ಕಿಟಕಿಯಿಂದ ಕಾಡನ್ನು ನೋಡುವುದಷ್ಟೇ ನಮ್ಮ ಪಾಲಿಗೆ ಬಂದಿತು. ಅರ್ಧ ಮೈಲಿ ನಡೆದರೆ ಮೊಣಕಾಲು ಊದಿಕೊಳ್ಳುತ್ತಿತ್ತು. ಕಾಡೆಂಬುದು ಇನ್ನು ನಮಗೆ ಪುಸ್ತಕದಲ್ಲಿ ಓದತಕ್ಕ ವಸ್ತುವೆಂದು ಮನಸ್ಸಿನಲ್ಲಿಯೇ ಒಪ್ಪಿಕೊಂಡಿದ್ದೆವು. ನಡೆಯುವಾಗ ಮೈಯ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುವುದೆಂದೂ, ಬೈಸಿಕಲ್ಲಿನಲ್ಲಿ ಅದರ ಬಹುಭಾಗವನ್ನು ಆಸನವೇ ಹೊರುವುದೆಂದೂ ವೈದ್ಯರೊಬ್ಬರು ತಿಳಿಸಿದ ಮೇಲೆ, ಮಗಳು ನಮ್ಮನ್ನು ಕೇಳದೆಯೇ ಬಾಡಿಗೆಗೆ ಗಾಡಿಗಳನ್ನು ಗೊತ್ತುಮಾಡಿದಳು.

ಅವು ದಪ್ಪ ಟೈರಿನ ಗಾಡಿಗಳು. ‘ಮೌಂಟನ್ ಬೈಕ್’ ಎಂದು ಕರೆಯುವರು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಗುಡ್ಡಗಳಲ್ಲಿ ಕೆಲವು ತರುಣರು ಹಳೆಯ ಭಾರದ ಬೈಸಿಕಲ್ಲುಗಳನ್ನೇರಿ ಇಳಿಜಾರಿನಲ್ಲಿ ಧುಮುಕುವ ಪಂದ್ಯ ಹೂಡಿ, ಅದಕ್ಕೆ ತಕ್ಕಂತೆ ಗಾಡಿಗಳನ್ನು ತಿದ್ದಿ ತಿದ್ದಿ ಈ ಜಾತಿಯನ್ನು ಹುಟ್ಟಿಸಿದರು. ಸಾಹಸಿಗಳಿಗಾಗಿ ಹುಟ್ಟಿದುದು ನಿಜ. ಆದರೆ ಅಗಲವಾದ ಚಕ್ರ, ಬಲವಾದ ಬ್ರೇಕು, ಏರನ್ನು ಹಗುರಮಾಡುವ ಹಲ್ಲುಗಾಲಿಗಳು, ಇವು ಅಂಜುಬುರುಕರಿಗೇ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ನಮ್ಮ ಗಾಡಿಗೆ ವಿದ್ಯುತ್ತಿನ ನೆರವೂ ಇತ್ತು. ಅದು ನಾವು ತುಳಿದರೆ ಮಾತ್ರ ಸಹಾಯಮಾಡುವುದು. ವೇಗವು ಗಂಟೆಗೆ 25 ಕಿಲೋಮೀಟರನ್ನು ಮುಟ್ಟಿದರೆ ಕೈಬಿಡುವುದು. ಇದು ಸವಾರಿಯೇ ಅಲ್ಲವೆಂದು ಮಗಳ ನೆರೆಯ ಯುವಕನೊಬ್ಬನು ನಕ್ಕನು. ಕನ್ನಡಕ ಹಾಕಿಕೊಂಡು ಓದುವವನಿಗೆ, ನೀನು ಓದುತ್ತಿಲ್ಲವೆಂದು ಯಾರೂ ಹೇಳುವುದಿಲ್ಲವಷ್ಟೆ!

ನಮಗೆ ಬಾಲ್ಯದಿಂದಲೂ ಸವಾರಿಯ ಅಭ್ಯಾಸವುಂಟು. ನಮ್ಮ ಮನೆಯವರಿಗೆ ಇಲ್ಲ. ಅವರ ತವರಿನಲ್ಲಿ ಒಂದು ಬೈಸಿಕಲ್ಲಿತ್ತು. ಅಣ್ಣನು ಕಲಿಯುವಾಗ ಹಿಂದಿನಿಂದ ಆಸನವನ್ನು ಹಿಡಿದುಕೊಂಡು ಓಡುವುದು, ಅವನು ಅಂಗಡಿಯೊಳಕ್ಕೆ ಹೋದಾಗ ಗಾಡಿಯನ್ನು ಹಿಡಿದು ನಿಲ್ಲುವುದು, ಇಷ್ಟು ಇವರ ಕೆಲಸ. ಹತ್ತುವ ಸರದಿ ಬರಲಿಲ್ಲ; ಬರಬೇಕೆಂದು ಆ ಮನೆಯಲ್ಲಿ ಯಾರಿಗೂ ತೋಚಲೂ ಇಲ್ಲ. ಈಗ ಐವತ್ತಾರನೆಯ ವಯಸ್ಸಿನಲ್ಲಿ ಮಗಳು ಗಾಡಿಯೊಂದರ ತುಳಿಗಾಲುಗಳನ್ನು ಬಿಚ್ಚಿ, ಆಸನವನ್ನು ತಗ್ಗಿಸಿ, “ಅಮ್ಮಾ, ಕುಳಿತು ಕಾಲಿನಿಂದ ನೆಲವನ್ನು ತಳ್ಳು” ಎಂದಳು. ಆ ದೇಶದ ಮಕ್ಕಳು ಹೀಗೆಯೇ ಕಲಿಯುವರು.

ಇಲ್ಲಿ ಒಂದು ಸ್ವಾರಸ್ಯವುಂಟು. ಬೈಸಿಕಲ್ಲಿನ ಮೂಲಪುರುಷನೆನಿಸಿದ ಕಾರ್ಲ್ ಡ್ರೈಸ್ ಎಂಬಾತನು ಅದೇ ಸೀಮೆಯ ಮಾನ್‌ಹೈಮ್ ನಗರದಿಂದ 1817ರ ಜೂನ್ 12ರಂದು ಹೊರಟು ಸವಾರಿಮಾಡಿದ ಮೊದಲ ಯಂತ್ರಕ್ಕೂ ತುಳಿಗಾಲುಗಳಿರಲಿಲ್ಲ. ಎರಡು ಮರದ ಚಕ್ರಗಳ ನಡುವೆ ಕುಳಿತು ನೆಲವನ್ನು ಒದ್ದು ಓಡುವ ಗಾಡಿ ಅದು. ಆತನು ವೃತ್ತಿಯಿಂದ ಅರಣ್ಯಾಧಿಕಾರಿ. ಇನ್ನೂರು ವರ್ಷಗಳ ಈ ವಿದ್ಯೆಯ ಚರಿತ್ರೆಯನ್ನು ನಮ್ಮ ಮನೆಯವರು ಆದಿಯಿಂದ ಹಿಡಿದು ಹದಿನೆಂಟು ದಿನಗಳಲ್ಲಿ ಮುಗಿಸಿದರೆನ್ನಬಹುದು. ಎರಡು ಸಲ ಬಿದ್ದರು. ಹತ್ತೊಂಬತ್ತನೆಯ ದಿನ ತುಳಿಗಾಲುಗಳನ್ನು ಮರಳಿ ಜೋಡಿಸಿದೆವು.

ಕಾಡಿಗೆ ಹೊರಟದ್ದು ಅದಾದ ಒಂದು ವಾರಕ್ಕೆ. ಊರಿನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿಯೇ ಬೇಬನ್‌ಹೌಸನ್ ಸಿಗುವುದು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಟ್ಯೂಬಿಂಗನ್ನಿನ ದೊರೆ ರುಡಾಲ್ಫನು ಕಟ್ಟಿಸಿದ ಈ ಕ್ರೈಸ್ತ ಮಠವು ಆಮೇಲೆ ಪಾಠಶಾಲೆಯಾಯಿತು. 1556ರಿಂದ 1807ರವರೆಗೆ, ಎಂದರೆ ಎರಡೂವರೆ ಶತಮಾನ, ಅಲ್ಲಿ ಹುಡುಗರು ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಉರುಹೊಡೆದರು. ಮಾಸ್ತರಿಕೆಯಲ್ಲಿ ಮುಪ್ಪಾದ ನಮಗೆ ಆ ಮೊಗಸಾಲೆಗಳಲ್ಲಿ ನಿಂತಾಗ ರಾಜರಿಗಿಂತ ಆ ಹುಡುಗರೇ ನೆನಪಿಗೆ ಬಂದರು. ಶಾಲೆಯು ಮುಚ್ಚಿದ ಮೇಲೆ ವ್ಯೂರ್ಟೆಂಬರ್ಗಿನ ರಾಜನು ಅದನ್ನು ಬೇಟೆಯ ಅರಮನೆಯಾಗಿ ಮಾಡಿಕೊಂಡನು. 1812ರ ನವೆಂಬರಿನಲ್ಲಿ ರಾಜ ಫ್ರೀಡ್ರಿಖನ ಹುಟ್ಟುಹಬ್ಬಕ್ಕೆಂದು ಇಲ್ಲಿ ಮಹಾಮೃಗಯೆ ನಡೆಯಿತು. ಸುತ್ತಲಿನ ಕಾಡಿನ ಪ್ರಾಣಿಗಳನ್ನು ಒಂದೆಡೆಗೆ ಅಟ್ಟಿತಂದು, ಎಂಟುನೂರಕ್ಕೂ ಹೆಚ್ಚನ್ನು ಒಂದೇ ದಿನ ಕೊಂದರು. ಅದೇ ತಿಂಗಳು, ನೆಪೋಲಿಯನ್ನನ ಹಿಂದೆ ರಷ್ಯಕ್ಕೆ ಹೋಗಿದ್ದ ಈ ಪುಟ್ಟ ರಾಜ್ಯದ ಹದಿನೈದು ಸಾವಿರ ಸೈನಿಕರು ಹಿಮದಲ್ಲಿ ಸಾಯುತ್ತಿದ್ದರು. ಮರಳಿ ಬಂದವರು ಕೆಲವು ನೂರು ಮಂದಿ. ಇದನ್ನು ಕೇಳಿದ ನಮ್ಮ ಮನೆಯವರು ಒಳಗಿನ ಕೊಠಡಿಗಳನ್ನು ನೋಡಲು ಇಷ್ಟಪಡಲಿಲ್ಲ. ಈ ವಂಶದ ಕೊನೆಯ ರಾಜನಾದ ಎರಡನೆಯ ವಿಲ್‌ಹೆಲ್ಮನು 1918ರಲ್ಲಿ ಸಿಂಹಾಸನವನ್ನು ಬಿಟ್ಟು ಇಲ್ಲಿಗೆ ಬಂದು, 1921ರಲ್ಲಿ ಇಲ್ಲಿಯೇ ತೀರಿಕೊಂಡನು.

ಅಲ್ಲಿಂದ ಮುಂದೆ ಗೋಲ್ಡರ್ಸ್‌ಬಾಖ್ ಎಂಬ ತೊರೆಯ ಕಣಿವೆ. ಜಲ್ಲಿ ಹಾಕಿ ಮಟ್ಟಮಾಡಿದ ಅಗಲವಾದ ದಾರಿಯು ತೊರೆಯನ್ನು ಬಿಡದೆ ಮೆಲ್ಲಮೆಲ್ಲನೆ ಏರುವುದು. ಏರುತ್ತಿರುವೆವೆಂಬುದು ತೊಡೆಗೆ ತಿಳಿಯುವ ಮೊದಲೇ ಅರ್ಧ ಗಂಟೆ ಕಳೆದಿರುವುದು. ಇಕ್ಕೆಲಗಳಲ್ಲಿಯೂ ಬೀಚ್ ಮರಗಳು. ಬೂದುಬಣ್ಣದ ನುಣುಪು ಕಾಂಡಗಳ ಮೇಲೆ ಎಲೆಯ ಮೂಲಕ ಸೋಸಿದ ಬೆಳಕು. ಕೆಂಜಿಂಕೆಗಳಿಗಾಗಿ ಸುಮಾರು 40 ಚದರ ಕಿಲೋಮೀಟರು ಕಾಡಿಗೆ ಬೇಲಿಯಿದೆ. ದಾರಿಯಲ್ಲಿ ಬಾಗಿಲನ್ನು ತೆರೆದು ಒಳಹೊಕ್ಕು ಮರಳಿ ಮುಚ್ಚಬೇಕು. ಜಿಂಕೆ ನಮಗೆ ಕಾಣಲಿಲ್ಲ. ಕಂಡದ್ದು ನಿಶ್ಶಬ್ದ. ನಡೆಯುವಾಗ ನೋವನ್ನು ಎಣಿಸುತ್ತ ನೆಲವನ್ನೇ ನೋಡುತ್ತಿದ್ದ ನಾವು ಎಷ್ಟೋ ವರ್ಷಗಳ ಮೇಲೆ ತಲೆಯೆತ್ತಿ ಮರಗಳನ್ನು ನೋಡಿದೆವು. ಮೋಟಾರಿನಲ್ಲಿ ಬಂದಿದ್ದರೆ ತೊರೆಯ ಸದ್ದು ಕೇಳುತ್ತಿರಲಿಲ್ಲ.

ಈ ನಿಶ್ಶಬ್ದವು ತಾನಾಗಿ ಉಳಿದುದಲ್ಲ. ಒಂದು ಕಾಲಕ್ಕೆ ಸ್ಟುಟ್‌ಗಾರ್ಟಿನ ಹೊಸ ವಿಮಾನನಿಲ್ದಾಣವನ್ನು ಈ ಕಾಡಿನಲ್ಲಿಯೇ ಕಟ್ಟುವ ಯೋಜನೆಯಿತ್ತು. ಜನರು ಎದುರುನಿಂತರು, ಯೋಜನೆಯು ಬಿದ್ದುಹೋಗಿ, 1972ರಲ್ಲಿ ಷೋನ್‌ಬುಖ್ ಆ ಪ್ರಾಂತದ ಮೊದಲನೆಯ ನಿಸರ್ಗೋದ್ಯಾನವಾಯಿತು.

ಕಣಿವೆಯನ್ನು ಬಿಟ್ಟು ಮೇಲಕ್ಕೆ ತಿರುಗುವಲ್ಲಿ ಒಂದು ಅಹಿತವಾದ ಪ್ರಸಂಗ ನಡೆಯಿತು. ಪಕ್ಕದ ಕಿರಿದಾದ ಕಾಲುದಾರಿಯಿಂದ ತರುಣನೊಬ್ಬನು ಬಾಣದಂತೆ ಗಾಡಿಯನ್ನು ಇಳಿಸಿಕೊಂಡು ಬಂದನು. ಕೋಲೂರಿಕೊಂಡು ನಡೆಯುತ್ತಿದ್ದ ವೃದ್ಧರೊಬ್ಬರು ಅಂಚಿಗೆ ಸರಿಯಲು ಹೋಗಿ ಮುಗ್ಗರಿಸಿ, ಮರವನ್ನು ತಬ್ಬಿಕೊಂಡು ನಿಂತರು. ತರುಣನು ಹಿಂದಿರುಗಿ ನೋಡಲಿಲ್ಲ. ನಾವೆಲ್ಲರೂ ಇಳಿದು ಆ ವೃದ್ಧರಿಗೆ ನೀರು ಕೊಟ್ಟೆವು. ಅವರ ಕೈ ಬಹಳ ಹೊತ್ತು ನಡುಗುತ್ತಿತ್ತು. ಆ ಪ್ರಾಂತದ ಅರಣ್ಯ ಕಾನೂನಿನಂತೆ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಬೈಸಿಕಲ್ಲನ್ನು ತುಳಿಯಕೂಡದು. ಸವಾರರಿಗೆ ಇದು ಸಮ್ಮತವಲ್ಲ. ಜನರೇ ಇಲ್ಲದ ಕಾಲುದಾರಿಯಲ್ಲಿ ಹೋದರೆ ಯಾರಿಗೆ ಕೇಡು, ಕಾಡಿಗೆ ಅಳತೆಪಟ್ಟಿ ಹಿಡಿದುಕೊಂಡು ಹೋಗಬೇಕೇ ಎಂದು ಅವರು ಕೇಳುವರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಆ ನಡುಗುವ ಕೈಯನ್ನು ಕಂಡ ಮೇಲೆ ನಾವು ಕಾನೂನಿನ ಪಕ್ಷವನ್ನೇ ಹಿಡಿದಿರುವೆವು. ನಮ್ಮ ಮೊಣಕಾಲು ಇನ್ನಷ್ಟು ಸವೆದ ದಿನ ಆ ಮರವನ್ನು ತಬ್ಬಿಕೊಳ್ಳುವವರು ನಾವೇ. ಈ ಜಗಳವಾದರೂ ಹೊಸದಲ್ಲ. ಡ್ರೈಸನ ಯಂತ್ರ ಹುಟ್ಟಿದ 1817ರಲ್ಲಿಯೇ ಮಾನ್‌ಹೈಮ್ ನಗರದವರು ಅದನ್ನು ಪಾದಚಾರಿಗಳ ಹಾದಿಯ ಮೇಲೆ ಓಡಿಸಬಾರದೆಂದು ನಿಷೇಧಿಸಿದ್ದರು.

ಕಾಡಿನ ಪಶ್ಚಿಮದ ಅಂಚಿನಲ್ಲಿ, ಅಮ್ಮರ್ ಕಣಿವೆಯ ನೆತ್ತಿಯ ಮೇಲೆ ಹೋಹನ್‌ಎಂಟ್ರಿಂಗನ್ ಕೋಟೆಯಿದೆ. ಕೋಟೆಯೆಂದರೆ ಚಿತ್ರದುರ್ಗದಂತೆ ಏಳು ಸುತ್ತಿನದಲ್ಲ. ದೊಡ್ಡದೊಂದು ಕಲ್ಲುಮನೆಯೆಂದರೆ ಸರಿ. ಹದಿನೈದನೆಯ ಶತಮಾನದ ಆದಿಯಲ್ಲಿ ಐದು ಕುಲೀನ ಕುಟುಂಬಗಳು, ಒಟ್ಟು ನೂರು ಮಕ್ಕಳೊಡನೆ, ಇದರೊಳಗೆ ಮನಸ್ತಾಪವಿಲ್ಲದೆ ಬಾಳಿದುವೆಂದು ಐತಿಹ್ಯವುಂಟು. ಗೋಡೆಯ ಹೊರಗೆ ಕುಳಿತು ಚಪಾತಿ ಚಟ್ನಿಪುಡಿಗಳ ಬುತ್ತಿಯನ್ನು ಬಿಚ್ಚುವಾಗ ನಾವು ಈ ಕಥೆಯನ್ನು ಹೇಳಿದೆವು. “ಅಡಿಗೆಮನೆ ಎಷ್ಟಿತ್ತು?” ಎಂದು ನಮ್ಮ ಮನೆಯವರು ಕೇಳಿದರು. ಐತಿಹ್ಯದಲ್ಲಿ ಅದು ಬರೆದಿಲ್ಲವೆಂದೆವು. “ಹಾಗಾದರೆ ಬರೆದವರು ಗಂಡಸರು” ಎಂದರು.

ಸಂಜೆಯ ಹೊತ್ತಿಗೆ ಹಾಗೆಲ್ಲೋಖ್ ಹಳ್ಳಿಯ ಮೇಲೆ ಇಳಿದು ಟ್ಯೂಬಿಂಗನ್ನಿನ ಸ್ವಂತ ಕೋಟೆಯನ್ನು ಸೇರಿದೆವು. ನಾವು ನಿಜವಾಗಿ ನೋಡಬೇಕೆಂದಿದ್ದುದು ಇದನ್ನೇ. ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೋಟೆಯೊಳಗಿತ್ತು; 1856ರಿಂದ ಅದರ ಮುಖ್ಯಾಧಿಕಾರಿಯಾಗಿದ್ದವರು ರುಡಾಲ್ಫ್ ರೋಟ್. ಬೋಟ್‌ಲಿಂಕ್ ಎಂಬವರೊಡನೆ ಅವರು ರಚಿಸಿದ ಏಳು ಸಂಪುಟಗಳ ಸಂಸ್ಕೃತ ಮಹಾಕೋಶವು 1855ರಿಂದ 1875ರವರೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು. ವೇದಶಬ್ದಗಳ ವಿಷಯದಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವ ವಿದ್ಯಾರ್ಥಿ ಯಾರಿರುವರು? ಅದೇ ಕೋಟೆಯ ಅಡಿಗೆಮನೆಯನ್ನು ರಸಾಯನಶಾಲೆಯಾಗಿ ಮಾಡಿದ್ದರು. ಅಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣ ವೈದ್ಯನು ಗಾಯದ ಪಟ್ಟಿಗಳಿಗೆ ಅಂಟಿದ ಕೀವಿನಿಂದ ಒಂದು ಪದಾರ್ಥವನ್ನು ಬೇರ್ಪಡಿಸಿದನು. ಅನುವಂಶದ ಗುಟ್ಟನ್ನು ಹೊತ್ತ ಡಿ.ಎನ್.ಎ. ಎಂದು ಇಂದು ಶಾಲೆಯ ಮಕ್ಕಳೂ ಹೇಳುವ ವಸ್ತು ಅದೇ. ಅಡಿಗೆಮನೆಯ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತೆಂದು ನಾವು ಹೇಳಿದೆವು. ನಮ್ಮ ಮನೆಯವರು ಒಪ್ಪಲಿಲ್ಲ.

ಕೋಟೆಯ ಮೇಲಿನಿಂದ ಊರು ಕೆಳಗೆ ಹರಡಿರುವುದು ಕಾಣುವುದು. ನಮ್ಮ ಕನ್ನಡ ನುಡಿಗೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಫರ್ಡಿನಂಡ್ ಕಿಟ್ಟೆಲರಿಗೆ ಈ ವಿಶ್ವವಿದ್ಯಾನಿಲಯವೇ 1896ರಲ್ಲಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903ರಲ್ಲಿ ಅವರು ಕಣ್ಮುಚ್ಚಿದ್ದೂ ಈ ಊರಿನಲ್ಲಿಯೇ. ಆ ಮಾಡುಗಳನ್ನು ನೋಡುತ್ತ ನಿಂತಾಗ, ಮಂಗಳೂರು ಧಾರವಾಡಗಳ ಮಾತುಗಳು ಮುದುಕರೊಬ್ಬರ ನಾಲಗೆಯ ಮೇಲೆ ಇಲ್ಲಿ ಒಂಟಿಯಾಗಿ ಉಳಿದಿದ್ದುವಷ್ಟೆ ಎಂದು ನಮಗೆ ಕರುಳು ಮಿಡಿಯಿತು.

ಒಳಗೆ ಈಗ ವಸ್ತುಸಂಗ್ರಹಾಲಯವಿದೆ. 1931ರಲ್ಲಿ ಫೋಗಲ್‌ಹೆರ್ಡ್ ಎಂಬ ಗುಹೆಯಲ್ಲಿ ದೊರೆತ, ಹಿಮಯುಗದ ಮಹಾಗಜದ ದಂತದಲ್ಲಿ ಕೆತ್ತಿದ ಕುದುರೆಯೊಂದು ಅಲ್ಲಿರುವುದು. ನಮ್ಮ ಹೆಬ್ಬೆರಳಿಗಿಂತ ದೊಡ್ಡದಲ್ಲ. ವಯಸ್ಸು ಮಾತ್ರ 35,000 ವರ್ಷಗಳಿಗೂ ಹೆಚ್ಚು. ಬಾಗಿದ ಅದರ ಕೊರಳನ್ನು ನಮ್ಮ ಮನೆಯವರು ಕಾವಲಿನವನು ದೀಪ ಆರಿಸುವವರೆಗೂ ನೋಡುತ್ತಿದ್ದರು.

ಕೋಟೆಯಿಂದ ಊರಿಗೆ ಇಳಿಯುವ ಬೀದಿಯು ಗುಂಡುಕಲ್ಲು ಹಾಸಿದ್ದು, ಕಡಿದಾದುದು. ಅಲ್ಲಿ ಎಲ್ಲರೂ ಗಾಡಿಗಳನ್ನು ತಳ್ಳಿಕೊಂಡೇ ನಡೆದೆವು. ಮಗಳು ಎರಡು ಸಲ, “ಕೊಡಮ್ಮಾ, ನಾನು ಹಿಡಿದುಕೊಳ್ಳುವೆನು” ಎಂದು ಕೈಚಾಚಿದಳು. ಅವರು ಕೊಡಲಿಲ್ಲ.