ಮಗುಚಿ ನೋಡಿ ಕೊಳ್ಳಬೇಕಾದ ಚಕ್ರ

ವಾಷಿಂಗ್ ಮಷೀನು ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಎಷ್ಟು ಕೆ.ಜಿ. ಎಂದು ಕೇಳುತ್ತಾರೆ, ಕರೆಂಟು ಎಷ್ಟು ಎಳೆಯುತ್ತದೋ ಎಂದು ಮೇಲಂಟಿಸಿದ ಸ್ಟಾರುಗಳನ್ನು ಎಣಿಸುತ್ತಾರೆ. ತಳದಲ್ಲಿ ಕೂತ ಚಕ್ರವನ್ನು ಯಾರೂ ವಿಚಾರಿಸುವುದಿಲ್ಲ. ಅದರ ನೆನಪಾಗುವುದು ಅದು ನಿಂತಾಗಲೇ. ನೀರು ತುಂಬಿದೆ, ಸೋಪಿನಪುಡಿ ನೊರೆ ಬಿಟ್ಟಿದೆ, ಮೋಟಾರು ಗುಂಯ್ ಅನ್ನುತ್ತಿದೆ, ಬಟ್ಟೆ ಮಾತ್ರ ಇದ್ದಲ್ಲಿಂದ ಅಲುಗಿಲ್ಲ. "ಮಷೀನ್ ಹೋಯ್ತು" ಎಂಬುದು ಆಗ ಮನೆಯಲ್ಲಿ ಬರುವ ಮೊದಲ ಮಾತು. ಹೊಸದು ಯಾವುದು ತರೋಣ ಎಂಬುದು ಎರಡನೆಯದು. ಈ ಎರಡು ಮಾತುಗಳ ನಡುವೆ ಒಂದು ಸ್ಕ್ರೂ ಬಿಚ್ಚಿ ನೋಡುವಷ್ಟು ಪುರಸೊತ್ತು ಮಾಡಿಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಸವೆದದ್ದು ಒಂದು ತಟ್ಟೆಯಾದರೆ ಇಡೀ ಮಷೀನನ್ನು ಗುಜರಿಗೆ ಹಾಕುವುದು ಅನ್ಯಾಯ.

ಪಾವಗಡ ತಾಲ್ಲೂಕಿನ ನಮ್ಮ ನಾಗಲಮಡಿಕೆಯಲ್ಲಿ ಬಟ್ಟೆಯ ಮಾತು ಎತ್ತಿದರೆ ನೀರಿನ ಮಾತಿಗೆ ಹೋಗದೆ ವಿಧಿಯಿಲ್ಲ. ಊರಿಗೆ ಹೊಳೆ ಇದೆ. ಉತ್ತರ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು, ಹಿಂದೂಪುರದ ಕಡೆಯಿಂದ ಪಾವಗಡ ತಾಲ್ಲೂಕಿಗೆ ಬಂದು, ಮತ್ತೆ ಆಂಧ್ರಕ್ಕೆ ಹೊರಳಿ, ಪೆನ್ನಾ ನದಿಯಾಗಿ ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತದೆ. ಅದರ ದಡದಲ್ಲೇ ಸುಬ್ರಹ್ಮಣ್ಯಸ್ವಾಮಿಯ ಗುಡಿ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಎಂದು ನಂಬಿದ ಜನ ಪುಷ್ಯ ಮಾಸದ ಷಷ್ಠಿಗೆ ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳಿಂದ ಬರುತ್ತಾರೆ. ಆದರೆ ಹೊಳೆ ಮಳೆಯನ್ನು ನಂಬಿಕೊಂಡದ್ದು. ಮಳೆ ಹಿಡಿದ ವರ್ಷ ಬಂಡೆಯ ಮೇಲೆ ಸೀರೆ ಹರವಬಹುದು. ಉಳಿದಂತೆ ಕೊಳವೆಬಾವಿಯೇ ಗತಿ.

ಆ ಕೊಳವೆಬಾವಿಯ ನೀರಿಗೆ ಪಾವಗಡ ತಾಲ್ಲೂಕಿನಲ್ಲಿ ಒಳ್ಳೆಯ ಹೆಸರಿಲ್ಲ. ಫ್ಲೋರೈಡ್ ಎಂದರೆ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು, ಹಲ್ಲು ನೋಡಿಯೇ ಹೇಳುತ್ತಾರೆ. ಮಷೀನು ಕೆಟ್ಟರೂ "ಫ್ಲೋರೈಡ್ ನೀರಣ್ಣ, ಇನ್ನೇನಾಗ್ತದೆ" ಎಂದು ಅದರ ತಲೆಗೇ ಕಟ್ಟುತ್ತಾರೆ. ಫ್ಲೋರೈಡ್ ಮೂಳೆಗೆ, ಹಲ್ಲಿಗೆ ಶತ್ರು. ಮಷೀನಿಗೆ ಶತ್ರು ನೀರಿನ ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 600ರ ತನಕ ಸಹಿಸಬಹುದು ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಗಡಸು ನೀರು ಯಾವುದೆಂದು ತಿಳಿಯಲು ಲ್ಯಾಬಿಗೆ ಹೋಗಬೇಕಾಗಿಲ್ಲ. ಸೋಪು ನೊರೆ ಬಿಡದೆ ಹಾಲೊಡೆದಂತೆ ತುಣುಕುತುಣುಕಾದರೆ ಅದೇ ಗುರುತು.

ಹಿಂದಿನವರು ಈ ನೀರನ್ನು ತಮ್ಮದೇ ರೀತಿಯಲ್ಲಿ ಗೆದ್ದಿದ್ದರು. ಮಡಿವಾಳರು ಸವಳು ಮಣ್ಣು ತಂದು, ಬಟ್ಟೆಯನ್ನು ಅದನ್ನು ಕದಡಿದ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಆವಿಯಲ್ಲಿ ಬೇಯಿಸಿ, ಆಮೇಲೆ ಬಂಡೆಗೆ ಬಡಿಯುತ್ತಿದ್ದರು. ಸವಳು ಮಣ್ಣಿನಲ್ಲಿರುವುದು ಹೆಚ್ಚಾಗಿ ಸೋಡಾ; ಅದು ನೀರಿನ ಗಡಸನ್ನು ಮುರಿಯುತ್ತದೆ, ಕೊಳೆಯ ಜಿಡ್ಡನ್ನೂ ಬಿಡಿಸುತ್ತದೆ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕ ಇದೇ. ನೀರು, ಕ್ಷಾರ, ಶಾಖ, ಬಡಿತ, ಇವು ನಾಲ್ಕೂ ಕೂಡಿದರೆ ಬಟ್ಟೆ ಶುಭ್ರ. ಮಷೀನು ಬಂದಾಗ ಬಡಿತದ ಕೆಲಸ ಆ ಪ್ಲಾಸ್ಟಿಕ್ ಚಕ್ರದ ಪಾಲಿಗೆ ಬಂತು. ತೋಳಿನ ಬಲದಲ್ಲಿ ನಡೆಯುತ್ತಿದ್ದ ಕೆಲಸವನ್ನು ಹೊತ್ತದ್ದು ಅದು, ಅದಕ್ಕೇ ನನಗೆ ಅದರ ಮೇಲೆ ಇಷ್ಟು ಗೌರವ.

ಈ ಚಕ್ರದ ಕಥೆ ದೂರದ್ದು. ಅಮೆರಿಕದ ಅಯೋವಾ ರಾಜ್ಯದ ಮೇಟ್ಯಾಗ್ ಕಂಪನಿಯಲ್ಲಿ ಹೊವಾರ್ಡ್ ಸ್ನೈಡರ್ ಎಂಬ ಎಂಜಿನಿಯರ್ ಇದ್ದ. ಅಲ್ಲಿಯತನಕ ತೊಟ್ಟಿಯಲ್ಲಿ ಬಟ್ಟೆಯನ್ನು ಎಳೆದಾಡಿಸಿ ಒಗೆಯುತ್ತಿದ್ದರು. 1922ರಲ್ಲಿ ಅವನ ಯಂತ್ರ ರೆಕ್ಕೆಯ ಕಂಬವನ್ನು ತೊಟ್ಟಿಯ ತಳದಲ್ಲಿ ನಿಲ್ಲಿಸಿ ನೀರನ್ನೇ ಬಟ್ಟೆಯೊಳಗೆ ನುಗ್ಗಿಸಿತು. ಆ ಕಂಬವೇ ಅಜಿಟೇಟರ್. 1948ರಲ್ಲಿ ಬ್ರಿಟನ್ನಿನ ಹೂವರ್ ಕಂಪನಿ ಕಂಬ ಬಿಟ್ಟು, ತೊಟ್ಟಿಯ ಪಕ್ಕದ ಗೋಡೆಗೆ ಚಪ್ಪಟೆ ಚಕ್ರ ಕೂರಿಸಿತು. ಅದನ್ನು ನೋಡಿಕೊಂಡು ಜಪಾನಿನ ಸ್ಯಾನ್ಯೊ 1953ರಲ್ಲಿ ತನ್ನ ಮಷೀನು ತಂದಿತು, ಚಪ್ಪಟೆ ಚಕ್ರ ಏಷ್ಯಾದ ಮನೆಮನೆಗೆ ಬಂತು. ನಮ್ಮ ಸೆಮಿ ಆಟೋಮ್ಯಾಟಿಕ್ ಮಷೀನಿನ ಪಲ್ಸೇಟರ್ ಆ ವಂಶದ್ದೇ.

ನಮಗೆ ಚಪ್ಪಟೆ ಚಕ್ರವೇ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐದೂವರೆ ಮೀಟರಿನ ಸೀರೆಯನ್ನು ಎತ್ತರದ ಕಂಬವಿರುವ ತೊಟ್ಟಿಗೆ ಹಾಕಿದರೆ ಅದು ಕಂಬಕ್ಕೆ ಸುತ್ತಿಕೊಳ್ಳದೆ ಬಿಡುವುದು ಕಷ್ಟ. ಪಂಚೆಯೂ ಅಷ್ಟೆ. ಅಮೆರಿಕದಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಸೀರೆಯನ್ನು ಬಲೆಯ ಚೀಲಕ್ಕೆ ತುಂಬಿ ಒಳಗೆ ಹಾಕುವುದು ಇದಕ್ಕೇ. ಅಲ್ಲಿ ಕಂಬದ ಮಷೀನು ಇಟ್ಟುಕೊಂಡವರಿಗೆ ಒಂದು ಮಾತು ಹೇಳಬೇಕು. ಕೆಲವು ಕಂಬಗಳು ಎರಡು ಭಾಗದವು. ಕೆಳಗಿನದು ಹಿಂದೆ ಮುಂದೆ ಅಲುಗುತ್ತದೆ, ಮೇಲಿನ ತಿರುಪು ಒಂದೇ ದಿಕ್ಕಿಗೆ ತಿರುಗುತ್ತ ಬಟ್ಟೆಯನ್ನು ಕೆಳಗೆ ತಳ್ಳುತ್ತದೆ. ಮೇಲಿನದು ಕೈಯಲ್ಲಿ ತಿರುಗಿಸಿದಾಗ ಎರಡೂ ದಿಕ್ಕಿಗೆ ಸಲೀಸಾಗಿ ಓಡಾಡಿದರೆ ಸವೆದಿರುವುದು ಒಳಗಿನ ನಾಲ್ಕು ಪುಟ್ಟ ಪ್ಲಾಸ್ಟಿಕ್ ಕಚ್ಚುಗಳು. ಅವನ್ನಷ್ಟೇ ಬದಲಿಸಿದರೆ ಸಾಕು, ಕಂಬವನ್ನೇ ಕೊಳ್ಳಬೇಕಿಲ್ಲ.

ನಮ್ಮ ಚಪ್ಪಟೆ ಚಕ್ರಕ್ಕೆ ಬರೋಣ. ಮೊದಲು ಪ್ಲಗ್ ಕಿತ್ತು, ತೊಟ್ಟಿಯ ನೀರು ಖಾಲಿ ಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಕೆಳಗಿನ ಬೆಲ್ಟಿನ ಗಾಲಿಯೂ ಜತೆಗೆ ತಿರುಗಿದರೆ ಚಕ್ರದ ತಪ್ಪಲ್ಲ. ಬೆಲ್ಟು ಸಡಿಲವಾಗಿರಬೇಕು, ಇಲ್ಲವೇ ಮೋಟಾರಿನ ಕೆಪಾಸಿಟರ್ ಹೋಗಿರಬೇಕು. ಕಟಕಟ ಎಂದು ಜಾರಿ ಚಕ್ರವೊಂದೇ ತಿರುಗಿದರೆ ಅದರ ನಡುವಿನ ತೂತಿನ ಹಲ್ಲು ಸವೆದಿದೆ. ನಡುವಿನ ಬಿಲ್ಲೆ ಎಬ್ಬಿಸಿ ಸ್ಕ್ರೂ ಬಿಚ್ಚಿ. ನಮ್ಮ ಗಡಸು ನೀರಿಗೆ ಚಕ್ರ ಅಷ್ಟು ಸುಲಭವಾಗಿ ಮೇಲೆ ಬರುವುದಿಲ್ಲ. ಬಿಸಿನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು, ಅಂಚಿನಡಿ ಎರಡು ಕಡೆ ಗಟ್ಟಿ ದಾರ ತೂರಿಸಿ, ಎರಡೂ ಕೈಯಲ್ಲಿ ಸಮವಾಗಿ ಎಳೆಯಬೇಕು. ಒಂದೇ ಕಡೆ ಚಾಕು ಹಾಕಿ ಮೀಟಿದರೆ ತೊಟ್ಟಿಯೇ ಬಿರುಕು ಬಿಡುತ್ತದೆ.

ನಮ್ಮ ಎದುರುಮನೆಯ ಅಕ್ಕನ ಮಷೀನಿನ ಚಕ್ರ ಮೇಲೆ ಬಂದಾಗ ಅದರಡಿ ಇದ್ದದ್ದನ್ನು ನೋಡಬೇಕಿತ್ತು. ಒಂದು ಐದು ರೂಪಾಯಿ ಬಿಲ್ಲೆ, ಪಿನ್ನು, ಅಂಗಿ ಗುಂಡಿ, ಕೂದಲಿನ ಉಂಡೆ. ಇವುಗಳ ಮಧ್ಯೆ ನುಣ್ಣಗಿನ ಕೆಂಪು ಮರಳು. ಚಕ್ರದ ಹಿಂಬದಿ ಬೆಳ್ಳಗೆ ಸುಣ್ಣಗಟ್ಟಿತ್ತು, ಉಗುರಿಗೆ ಬಿಡುತ್ತಿರಲಿಲ್ಲ. ಆ ಕೆಂಪು ಮರಳು ನಮ್ಮ ಹೊಲದ್ದು. ಕಡಲೆಕಾಯಿ ಕಿತ್ತು ಬಂದವರ ಬಟ್ಟೆಯಲ್ಲೂ ಅದೇ ಇರುತ್ತದೆ, ಸೋಲಾರ್ ಪಾರ್ಕಿನಲ್ಲಿ ಹುಲ್ಲು ಕಿತ್ತು ಫಲಕ ಒರೆಸಿ ಬಂದವರ ಬಟ್ಟೆಯಲ್ಲೂ ಅದೇ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕು ನಿಂತಿದೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಕೊಟ್ಟರು. ಫಲಕದ ಕೆಳಗಿನ ನೆಲವೂ ಅದೇ ಕೆಂಪು ನೆಲ. ಆ ಮರಳು ಬಟ್ಟೆಯಿಂದ ಬಿಟ್ಟು ತಳಕ್ಕಿಳಿದು ಚಕ್ರದಡಿ ಸೇರಿ, ನೀರು ತಡೆಯುವ ರಬ್ಬರ್ ಸೀಲನ್ನೂ ಚಕ್ರದ ಹಲ್ಲನ್ನೂ ದಿನದಿನವೂ ಅರೆಯುತ್ತದೆ. ಹೊಲದ ಬಟ್ಟೆಯನ್ನು ಮೊದಲು ಬಕೆಟ್ಟಿನಲ್ಲಿ ಜಾಲಾಡಿ ಆಮೇಲೆ ಮಷೀನಿಗೆ ಹಾಕಿದರೆ ಚಕ್ರದ ಆಯುಸ್ಸು ಖಂಡಿತ ಹೆಚ್ಚುತ್ತದೆ.

ಅಕ್ಕ ಹೊಸ ಚಕ್ರ ತಂದರು. ಮೇಲ್ಮೈ ಮಿರಮಿರ ಮಿಂಚುತ್ತಿತ್ತು, ಹೂವಿನ ಎಸಳಿನ ಅಚ್ಚು ಬೇರೆ. "ಎಲ್ಲಾ ಕಂಪನಿಗೂ ಕೂರ್ತದಕ್ಕಾ" ಎಂದು ಅಂಗಡಿಯವನು ಹೇಳಿದ್ದನಂತೆ. ಕೂತಿತು, ತಿರುಗಿತು ಕೂಡ. ಆದರೆ ನಾಲ್ಕಾರು ಒಗೆತ ಆದರೂ ತೊಟ್ಟಿಯ ಪಕ್ಕದಲ್ಲಿ ಜುಂಗು ಹಿಡಿಯಲೆಂದೇ ಇರುವ ಬಲೆಚೀಲಕ್ಕೆ ಒಂದು ಎಳೆಯೂ ಬೀಳಲಿಲ್ಲ, ಎಲ್ಲ ಬಟ್ಟೆಗೇ ಮೆತ್ತಿಕೊಂಡಿತ್ತು. ರಿಪೇರಿ ಹುಡುಗ ಬಂದು ಹಳೆಯದನ್ನೂ ಹೊಸದನ್ನೂ ಮಗುಚಿ ಅಕ್ಕಪಕ್ಕ ಇಟ್ಟ. "ನೋಡಕ್ಕಾ, ಹಳೇದಕ್ಕೆ ಕೆಳಗೆ ರೆಕ್ಕೆ ಐತೆ, ಇದಕ್ಕೆ ಬೋಳು." ಚಕ್ರದ ಹಿಂಬದಿಯ ಆ ಸಣ್ಣ ರೆಕ್ಕೆಗಳೇ ಪಂಪು. ಅವು ತಳದ ನೀರನ್ನು ಪಕ್ಕದ ಕೊಳವೆಯಲ್ಲಿ ಮೇಲೆತ್ತಿ ಬಲೆಯ ಮೂಲಕ ಸುರಿಸುತ್ತವೆ. ಎಸಳಿನ ಅಚ್ಚು ಎಷ್ಟು ಚೆಂದವಿದ್ದರೇನು, ಕೆಳಗೆ ರೆಕ್ಕೆಯಿಲ್ಲದಿದ್ದರೆ ಜುಂಗು ಹೋಗುವ ದಾರಿಯೇ ಇಲ್ಲ.

ಆದ್ದರಿಂದ ಅಂಗಡಿಗೆ ಹೋಗುವಾಗ ಮಷೀನಿನ ಹೆಸರು ಬರೆದುಕೊಂಡು ಹೋದರೆ ಸಾಲದು. ಒಂದೇ ಕಂಪನಿ ಒಂದೇ ಹೆಸರಿನಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಚಕ್ರ ಹಾಕಿರುತ್ತದೆ. ಮಷೀನಿನ ಬೆನ್ನಿಗಿರುವ ಚೀಟಿಯ ಮಾಡೆಲ್ ನಂಬರನ್ನು ಫೋಟೋ ಹಿಡಿದುಕೊಳ್ಳಿ, ಹಳೆಯ ಚಕ್ರವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಪಾವಗಡವಿರಲಿ, ಹಿಂದೂಪುರವಿರಲಿ, ಎರಡನ್ನೂ ಹಿಂಬದಿ ಮೇಲೆ ಮಾಡಿ ಹೊಂದಿಸಿ ನೋಡಿ. ನಡುವಿನ ತೂತು ಚೌಕವೋ ಹಲ್ಲಿನದೋ, ಹಲ್ಲಾದರೆ ಎಷ್ಟು ಎಂದು ಎಣಿಸಿ. ಒಂದು ಹೆಚ್ಚುಕಡಿಮೆಯಾದರೂ ಅದು ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ತಿಂಗಳೊಳಗೆ ಬೋಳಾಗುತ್ತದೆ. ತೂತಿನೊಳಗೆ ಲೋಹದ ಬುಶ್ ಕೂರಿಸಿದ್ದು ಸಿಕ್ಕಿದರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ತನ್ನಿ, ಬರೀ ಪ್ಲಾಸ್ಟಿಕ್ ಹಲ್ಲು ನಮ್ಮ ಮರಳಿಗೆ ತಡೆಯುವುದಿಲ್ಲ. ನಡುವಿನ ಗುಬಟಿನ ಆಳವೂ ಒಂದೇ ಇರಬೇಕು. ಅದು ಕಡಿಮೆಯಾದರೆ ಚಕ್ರ ತಳಕ್ಕೆ ಉಜ್ಜುತ್ತದೆ. ಅಗಲವಂತೂ ಕೂದಲೆಳೆಯ ಲೆಕ್ಕ. ಅಂಚಿನ ಸಂದು ದೊಡ್ಡದಾದರೆ ಕರ್ಚೀಫು, ಮಗುವಿನ ಕಾಲುಚೀಲ, ರವಿಕೆಯ ದಾರ ಅದರೊಳಗೆ ಸಿಕ್ಕಿ ಹರಿಯುತ್ತವೆ.

ಕಂಪನಿಯದೋ ಲೋಕಲ್ಲೋ ಎಂಬ ಪ್ರಶ್ನೆ ಇದ್ದೇ ಇದೆ. ಕಂಪನಿಯ ಬಿಡಿಭಾಗ ಸಿಕ್ಕಿದರೆ ಎರಡನೇ ಮಾತಿಲ್ಲ. ಕಷ್ಟವೇನೆಂದರೆ ಮಷೀನು ಹಳೆಯದಾದಂತೆ "ಆ ಪಾರ್ಟು ಬರೋದು ನಿಂತುಹೋಗಿದೆ" ಎನ್ನುತ್ತಾರೆ. ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದೇ, ಒಂದು ಪೋರ್ಟಲ್ ತೆರೆದಿದೆ. ಒಳ್ಳೆಯ ಕೆಲಸ. ಆದರೆ ಪೋರ್ಟಲ್ಲಿನಿಂದ ನಾಗಲಮಡಿಕೆಯ ಮನೆಯ ತೊಟ್ಟಿಗೆ ಚಕ್ರ ಬರಬೇಕಾದರೆ ನಡುವೆ ಒಬ್ಬ ಅಂಗಡಿಯವನು, ಒಬ್ಬ ರಿಪೇರಿಯವನು ಬೇಕೇ ಬೇಕು. ಕನ್ನಡ, ತೆಲುಗು ಗಿರಾಕಿಗಳೊಡನೆ ಎರಡೂ ಭಾಷೆಯಲ್ಲಿ ಮಾತಾಡಿ, ಮೋಟಾರು ಸೈಕಲ್ಲಿನಲ್ಲಿ ಬಂದು ನೆಲದ ಮೇಲೆ ಕೂತು ಕೆಲಸ ಮಾಡುವ ಆ ಹುಡುಗರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬಾರದು. ಅವರು ಈ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಅದರ ನಷ್ಟ ನಮಗೆ.

ಹೊಸ ಚಕ್ರ ಕೂರಿಸುವ ಮುನ್ನ ಅದು ಕೂರುವ ದಂಡದ ಹಲ್ಲನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸುಣ್ಣ ಬಿಡದಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ನೆನೆಯಲು ಬಿಡಿ. ಅದರ ಜತೆಗೆ ಬ್ಲೀಚಿಂಗ್ ಮಾತ್ರ ಬೇಡ, ವಿಷಗಾಳಿ ಏಳುತ್ತದೆ. ಸ್ಕ್ರೂ ಪೂರ್ತಿ ಬಿಗಿಯಾಗಲಿ. ಅದು ಸಡಿಲವಿದ್ದರೆ ಚಕ್ರ ಅಲ್ಲಾಡಿ ಹೊಸ ಹಲ್ಲೂ ಸವೆಯುತ್ತದೆ. ಮೊದಲ ಸಲ ಬಟ್ಟೆ ಹಾಕಬೇಡಿ. ಬರೀ ನೀರು ತುಂಬಿ, ಎರಡೂ ದಿಕ್ಕಿಗೆ ತಿರುಗುವತನಕ ಓಡಿಸಿ, ಬಲೆಚೀಲದ ಬಾಯಿಂದ ನೀರು ಧಾರೆಯಾಗಿ ಬೀಳುತ್ತಿದೆಯೇ ನೋಡಿ. ಬೀಳದಿದ್ದರೆ ಚಕ್ರಕ್ಕೆ ಗೀರು ಬೀಳುವ ಮೊದಲೇ, ಬಿಲ್ಲಿನ ಸಮೇತ, ಅಂಗಡಿಗೆ ವಾಪಸ್ ಕೊಡಿ.