ಪಾರ್ಕಿಲ್ಲದ ಊರಿನ ಅಂಗಳಗಳು

ಬಡಾವಣೆ ಅಂದಮೇಲೆ ಪಾರ್ಕ್ ಇರಲೇಬೇಕು ಅನ್ನುವುದು ಬಸವನಗುಡಿ, ಜಯನಗರಗಳಲ್ಲಿ ಕಾಲಾಡಿಸಿದವರ ಹಠ. ಆ ಹಠವನ್ನು ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ವರೆಗೂ ಹೊತ್ತುಕೊಂಡು ಹೋದವನು ನಾನು. ಮಲ್ಲಿಗೆ ಮಾಲೆ, ಬಾಳೆಎಲೆ ಊಟ, ಸೀರೆ ಅಂಗಡಿಯಿಂದ ಕಿವಿಗಪ್ಪಳಿಸುವ ತಮಿಳು ಹಾಡು ಎಲ್ಲವೂ ಸಿಕ್ಕವು. ಹೆಸರು ಹೇಳಿ ತೋರಿಸುವಂಥ ಪಾರ್ಕ್ ಮಾತ್ರ ಕಣ್ಣಿಗೆ ಬೀಳಲಿಲ್ಲ.

ಇದು ಇಲ್ಲಿನ ಜೇಡಿಮಣ್ಣಿನ ಹಣೆಬರಹ. 1881ರಲ್ಲಿ ಮೊದಲು ಬೆಂಕಿ, ಅದೇ ವರ್ಷ ನೆರೆ. ಮರದ ಗೋಡೆ, ಗರಿಯ ಸೂರಿನ ಕ್ವಾಲಾಲಂಪುರ ನೆಲ ಕಚ್ಚಿತು. ಇನ್ನು ಮುಂದೆ ಇಟ್ಟಿಗೆ, ಹೆಂಚಿನಲ್ಲೇ ಕಟ್ಟಬೇಕೆಂದು ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟೆನ್‌ಹ್ಯಾಮ್ ಅಪ್ಪಣೆ ಮಾಡಿದ. ಚೀನೀಯರ ಮುಖಂಡ ಯಾಪ್ ಆ ಲಾಯ್ ಇಟ್ಟಿಗೆ ಕಸುಬಿಗೆಂದು ಇಲ್ಲಿ ವಿಶಾಲ ಜಾಗ ಕೊಂಡ. ಊರಿನ ಗೋಡೆಗಳೆಲ್ಲ ಎದ್ದವು, ಇಲ್ಲಿ ಗುಂಡಿಗಳು ಉಳಿದವು. ಅದೇ ದಶಕದಲ್ಲಿ, 1888ರಲ್ಲಿ, ಆಲ್ಫ್ರೆಡ್ ವೆನ್ನಿಂಗ್ ಎಂಬ ಅಧಿಕಾರಿ ಸಮೀಪದಲ್ಲೇ ಲೇಕ್ ಗಾರ್ಡನ್ಸ್‌ಗೆ ಕೈಹಾಕಿದ. ದೊರೆಗಳಿಗೆ ಕೆರೆ, ಹುಲ್ಲುಹಾಸು. ಬ್ರಿಕ್‌ಫೀಲ್ಡ್ಸ್‌ನವರಿಗೆ ಗೂಡಿನ ಹೊಗೆ!

ಆಮೇಲೆ ರೈಲು ಬಂತು. ಅದರ ಹಿಂದೆಯೇ ತಮಿಳರು, ಸಿಂಹಳದವರು, ಅವರಿಗೆ ಸಾಲು ಸಾಲು ಕ್ವಾರ್ಟರ್ಸ್. ರೈಲ್ವೆ ಯಾರ್ಡ್ ಇದ್ದಲ್ಲಿ 2001ರಿಂದ ಕೆಎಲ್ ಸೆಂಟ್ರಲ್ ನಿಲ್ದಾಣ, ಸುತ್ತ ಗಾಜಿನ ಕಟ್ಟಡಗಳು.

ಹಾಗಂತ ಜನ ಕೂರಲು ಜಾಗವಿಲ್ಲದೆ ಬದುಕಿದರೇ? ಅವರು ದೇವರ ಅಂಗಳಗಳನ್ನೇ ಪಾರ್ಕ್ ಮಾಡಿಕೊಂಡರು. ಸಿಂಹಳದ ಬೌದ್ಧರು 1894ರಲ್ಲಿ ಸಂಘ ಕಟ್ಟಿ ಬೆಳೆಸಿದ ಮಹಾವಿಹಾರದ ಆವರಣ ವೈಶಾಖ ಹುಣ್ಣಿಮೆಗೆ ತುಂಬಿ ತುಳುಕುತ್ತದೆ. 1904ರ ವಿವೇಕಾನಂದ ಆಶ್ರಮದ ಮುಂದೆ ಸ್ವಾಮೀಜಿಯ ಪ್ರತಿಮೆ, ಒಂದಿಷ್ಟು ಬಯಲು. ದುಬಾರಿ ನಗರದಲ್ಲಿ ಬಯಲು ಸುಮ್ಮನೆ ಬಿದ್ದಿರುವುದನ್ನು ಬಿಲ್ಡರುಗಳ ಕಣ್ಣು ಸಹಿಸುವುದುಂಟೇ? 2014ರಲ್ಲಿ ಅಲ್ಲಿ ಬಹುಮಹಡಿ ವಸತಿ ಕಟ್ಟಡ ಏಳಿಸುವ ಯೋಜನೆ ಬಂತು. ಜನ ಬಿಡಲಿಲ್ಲ. ಸಹಿ ಸಂಗ್ರಹಿಸಿದರು, ಗಲಾಟೆ ಮಾಡಿದರು. 2016ರಲ್ಲಿ ಆಶ್ರಮಕ್ಕೆ ಪಾರಂಪರಿಕ ತಾಣದ ರಕ್ಷಣೆ ಸಿಕ್ಕಿತು. ನಮ್ಮ ಊರುಗಳಲ್ಲಿ ಆಟದ ಬಯಲಿಗೆ ಬೇಲಿ ಬಿದ್ದ ಮೇಲೆ ಎಚ್ಚರಾಗುವ ನಮಗೆ ಇದು ಸ್ವಲ್ಪ ನಾಚಿಕೆ ತರಿಸುವ ಕಥೆಯೇ.

ಬ್ರಿಕ್‌ಫೀಲ್ಡ್ಸ್‌ಗೆ ಹೋದವರೆಲ್ಲ ಭಾರತ ಸರ್ಕಾರ ಕಾಣಿಕೆಯಾಗಿ ಕೊಟ್ಟ ತೋರಣ ದ್ವಾರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅಷ್ಟಕ್ಕೇ ರೈಲು ಹತ್ತಬೇಡಿ. ಆಶ್ರಮದ ಅಂಗಳಕ್ಕೂ ಒಮ್ಮೆ ಹೋಗಿ ಬನ್ನಿ.